ಮಾರಾ ನದಿಯ ದಡದಲ್ಲಿ

ಬೆಳಿಗ್ಗೆ ಎಂಟು ಗಂಟೆಯಿಂದ ನಾವು ಕೀನ್ಯಾದ ಮಾರಾ ನದಿಯ ದಡದಲ್ಲಿ ಜೀಪಿನೊಳಗೆ ಕಾದು ಕುಳಿತಿದ್ದೆವು. ಅದು ಆಗಸ್ಟ್ ತಿಂಗಳು. ಎದುರು ದಡದಲ್ಲಿ ಸಾವಿರಾರು ವಿಲ್ಡೆಬೀಸ್ಟ್‌ಗಳು. ಎತ್ತಿನಂತಹ ಭುಜ, ಸಪೂರವಾದ ಹಿಂಭಾಗ, ಕುದುರೆಯ ಬಾಲ, ಮೇಲೊಂದು ಗಡ್ಡ. ಉಳಿದುಹೋದ ತುಂಡುಗಳನ್ನು ಸೇರಿಸಿ ಮಾಡಿದಂತಿದೆ ಎಂದು ನಮ್ಮಲ್ಲೊಬ್ಬರು ನಕ್ಕರು. ನಾವೂ ನಕ್ಕೆವು.

ಈ ಮಂದೆಗೆ ನಾಯಕನಿಲ್ಲ. ನೀರಿನ ತನಕ ಬರುತ್ತವೆ, ಮೂಸುತ್ತವೆ, ಏನೋ ಹೆದರಿ ಹಿಂದಕ್ಕೆ ಓಡುತ್ತವೆ. ಹೀಗೇ ಮೂರು ಗಂಟೆ ಕಳೆಯಿತು.

ಇವು ಸುಮಾರು 13 ಲಕ್ಷ. ಮಳೆ ಮತ್ತು ಹುಲ್ಲನ್ನು ಹಿಂಬಾಲಿಸಿ ವರ್ಷವಿಡೀ ತಾಂಜಾನಿಯಾದ ಸೆರೆಂಗೆಟಿಗೂ ಮಾರಾಕ್ಕೂ ಸುತ್ತುತ್ತವೆ. ಫೆಬ್ರವರಿಯ ಆಸುಪಾಸಿನ ಎರಡು ಮೂರು ವಾರಗಳಲ್ಲೇ ಹೆಚ್ಚಿನ ಕರುಗಳು ಹುಟ್ಟುತ್ತವೆ. ಎಲ್ಲವೂ ಒಟ್ಟಿಗೆ ಹುಟ್ಟುವುದರಿಂದ ಸಿಂಹ, ಕತ್ತೆಕಿರುಬಗಳು ಎಷ್ಟು ತಿಂದರೂ ಮುಗಿಸಲಾರವು. ಕರು ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡುತ್ತದೆ. ತಾಯಿ ತನ್ನ ಕರುವಿಗಲ್ಲದೆ ಬೇರೆಯದಕ್ಕೆ ಹಾಲು ಕೊಡುವುದಿಲ್ಲ.

1890ರ ದಶಕದಲ್ಲಿ ದನಗಳ ದೊಡ್ಡರೋಗ ಪೂರ್ವ ಆಫ್ರಿಕಕ್ಕೆ ಬಂದು ದನಗಳ ಜೊತೆಗೆ ಇವನ್ನೂ ಕೊಂದಿತ್ತು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯಲ್ಲಿ ಉಳಿದಿದ್ದವು ಎರಡೂವರೆ ಲಕ್ಷ. ಆಮೇಲೆ ಸುತ್ತಲಿನ ಸಾಕುದನಗಳಿಗೆ ಚುಚ್ಚುಮದ್ದು ಹಾಕಿದ್ದರಿಂದ ಕಾಡುಪ್ರಾಣಿಗಳಲ್ಲೂ ರೋಗ ನಿಂತಿತು. 1977ರ ಹೊತ್ತಿಗೆ ಅವು 13 ಲಕ್ಷ ದಾಟಿದವು. ಹಟ್ಟಿಯ ದನಕ್ಕೆ ಹಾಕಿದ ಸೂಜಿ ಕಾಡಿನ ಪ್ರಾಣಿಯನ್ನು ಉಳಿಸಿತೆಂದರೆ ನಮಗೆ ಈಗಲೂ ಆಶ್ಚರ್ಯ.

ಹನ್ನೊಂದು ಗಂಟೆಗೆ ಒಂದು ಹಾರಿತು. ಹಿಂದೆಯೇ ಇಡೀ ಮಂದೆ. ಧೂಳು, ಕೂಗು, ಕೆಂಪು ನೀರು. ಫೋಟೋಕ್ಕಾಗಿ ಸ್ವಲ್ಪ ಮುಂದೆ ಹೋಗಿ ಎಂದು ನಾವು ಡ್ರೈವರನ್ನು ಒತ್ತಾಯಿಸಿದೆವು. "ಇಲ್ಲಿಂದಲೇ ಕಾಣುತ್ತದಲ್ಲ" ಎಂದರು ಅವರು. ನಾವು ಬಿಡಲಿಲ್ಲ. ನಮ್ಮ ಜೀಪು ಹೋದದ್ದೇ ತಡ, ಇನ್ನೂ ಏಳೆಂಟು ಬಂದವು. ಪ್ರಾಣಿಗಳು ಮೇಲೇರುವ ಇಳಿಜಾರು ಮುಚ್ಚಿಹೋಯಿತು. ಈಜಿ ಬಂದವು ನಮ್ಮನ್ನು ಕಂಡು ಪಕ್ಕದ ಕಡಿದಾದ ದಡಕ್ಕೆ ತಿರುಗಿದವು, ಹತ್ತಿದವು, ಜಾರಿ ಒಂದರ ಮೇಲೊಂದು ಬಿದ್ದವು. ಎದುರು ದಡದಲ್ಲಿದ್ದವು ಹಿಂದಕ್ಕೆ ಓಡಿದವು.

ಈ ನದಿಯಲ್ಲಿ ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ಮುಳುಗಿ ಸಾಯುತ್ತವೆಂದು 2017ರ ಅಧ್ಯಯನವೊಂದು ಹೇಳಿದೆ. ಅವು ಮೀನಿಗೆ, ರಣಹದ್ದಿಗೆ, ಮೊಸಳೆಗೆ ಆಹಾರ. ಮೂಳೆಗಳೂ ವರ್ಷಗಟ್ಟಲೆ ನದಿಗೆ ಪೋಷಣೆ. ನದಿಯ ಲೆಕ್ಕ ಅದು. ಆ ದಿನ ಬಿದ್ದವುಗಳ ಲೆಕ್ಕ ನಮ್ಮದು.

ನಮ್ಮ ದಡ ಸೇರಿದ್ದ ಒಂದು ಹೆಣ್ಣು ನೀರಿನಂಚಿಗೆ ಮರಳಿ ಬಂದು ಕೂಗುತ್ತಿತ್ತು. ಆಚೆ ಒಂಟಿ ಕರು. ಡ್ರೈವರು ನಮ್ಮನ್ನು ಕೇಳದೆ ಜೀಪನ್ನು ಹಿಂದಕ್ಕೆ ತೆಗೆದರು, ನಾವು ಮಾತಾಡಲಿಲ್ಲ. ತಿರುವಿನಲ್ಲಿ ನೋಡಿದಾಗ ಆ ತಾಯಿ ಮತ್ತೆ ನೀರಿಗೆ ಇಳಿಯುತ್ತಿತ್ತು.