ಶೋಕ ಮತ್ತು ಸುಳಿವು

ಶ್ಯಾಮ್ ಬೆನೆಗಲ್ ಅವರ ‘ತ್ರಿಕಾಲ್’ (1985) ಚಿತ್ರದ ಕಥೆ ಗೋವೆಯ ಒಂದು ದೊಡ್ಡ ಮನೆಯ ಸಾವಿನಿಂದ ತೊಡಗುತ್ತದೆ. ಲೌಟೊಲಿಮ್‌ನಲ್ಲಿರುವ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡಾ ಅವರ ಮನೆಯಲ್ಲಿ ಅದರ ಚಿತ್ರೀಕರಣ ನಡೆಯಿತು. ಪತಿಯ ಮರಣವನ್ನು ಒಪ್ಪದ ದೋನಾ ಮಾರಿಯಾ ಅವನ ಆತ್ಮವನ್ನು ಕರೆಯುತ್ತಾಳೆ. ಬರುವವನು ಪತಿಯಲ್ಲ, ಅವಳ ಪೂರ್ವಜರ ದ್ರೋಹಕ್ಕೆ ಬಲಿಯಾದ ರಾಣೆ. ತನ್ನ ದುಃಖದ ಬಾಗಿಲು ತೆರೆದವಳಿಗೆ ಮನೆತನದ ಹಳೆಯ ಕೊಲೆ ಎದುರಾಗುತ್ತದೆ.

ಶೋಕ, ಕೊಲೆ, ಮೌನ ಈ ಮೂರನ್ನೂ ಹಿಡಿದು ಹೊರಟ ಇನ್ನೊಂದು ಕೃತಿ ಅಲೆಕ್ಸ್ ಮೈಕೆಲಿಡೀಸ್ ಅವರ ಇಂಗ್ಲಿಷ್ ಕಾದಂಬರಿ ‘ದಿ ಸೈಲೆಂಟ್ ಪೇಷಂಟ್’ (2019). ಕಲಾವಿದೆ ಅಲಿಸಿಯಾ ಗಂಡನ ಮುಖಕ್ಕೆ ಐದು ಗುಂಡು ಹಾರಿಸಿದ್ದಾಳೆ; ಅನಂತರ ಒಂದು ಮಾತನ್ನೂ ಆಡಿಲ್ಲ. ಅವಳನ್ನು ಮಾತನಾಡಿಸಲು ಥಿಯೋ ಎಂಬ ಮನೋಚಿಕಿತ್ಸಕ ಬರುತ್ತಾನೆ. ಕೈಗೆತ್ತಿಕೊಂಡವರು ಕೆಳಗಿಡದಂತೆ ಓದಿಸಿಕೊಳ್ಳುವ ಗುಣ ಇದಕ್ಕಿದೆ. ಆದರೆ ಮುಗಿದ ಮೇಲೆ ಉಳಿಯುವುದು ಅಲ್ಪ.

ಆ ನಿರಾಶೆಯ ಕಾರಣ ಕೃತಿಯೊಳಗೇ ಇದೆ. ಅಪಘಾತದಲ್ಲಿ ತಾಯಿ ಸತ್ತಾಗ, ಅವಳ ಬದಲು ಮಗಳೇ ಸಾಯಬಾರದಿತ್ತೇ ಎಂದು ತಂದೆ ಹಲುಬಿದ್ದನ್ನು ಬಾಲಕಿ ಅಲಿಸಿಯಾ ಕೇಳಿಸಿಕೊಂಡಿದ್ದಾಳೆ. ಒಬ್ಬರ ಶೋಕ ಇನ್ನೊಬ್ಬರನ್ನು ಕೊಲ್ಲಬಲ್ಲದು ಎಂಬ ಸತ್ಯ ಅಲ್ಲಿ ಮಿಂಚುತ್ತದೆ. ಕಾದಂಬರಿ ಅಲ್ಲಿ ನಿಲ್ಲಬೇಕಿತ್ತು. ಅದು ಆ ಮಾತನ್ನು ಒಂದು ಸುಳಿವಾಗಿ ಬಳಸಿಕೊಂಡು ಮುಂದೆ ಓಡುತ್ತದೆ. ಎರಡು ಕಾಲದ ಘಟನೆಗಳನ್ನು ಒಂದೇ ಕಾಲದವೆಂಬಂತೆ ಹೆಣೆದು, ಕಡೆಯಲ್ಲಿ ಗಂಟು ಬಿಚ್ಚುವುದರಲ್ಲೇ ಅದರ ಜಾಣ್ಮೆಯೆಲ್ಲ ವ್ಯಯವಾಗಿದೆ.

ಕಾವ್ಯಮೀಮಾಂಸೆಯನ್ನು ಓದುವ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ತೊಡಕಲ್ಲ. ಕರುಣರಸದ ಸ್ಥಾಯಿಭಾವ ಶೋಕ, ಅದ್ಭುತದ್ದು ವಿಸ್ಮಯ. ವಿಸ್ಮಯವೇ ಸ್ಥಾಯಿಯಾದ ಕೃತಿಯಲ್ಲಿ ಶೋಕವು ಸಂಚಾರಿಯಂತೆ ಬಂದು ಹೋಗುತ್ತದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ ಇವರನ್ನು ಕೊಂದವರು ಯಾರೆಂಬುದು ಅವನಿಗೂ ಗೊತ್ತು, ಓದುಗನಿಗೂ ಗೊತ್ತು. ಬಚ್ಚಿಟ್ಟ ಗುಟ್ಟು ಒಂದೂ ಇಲ್ಲ. ಆದರೂ ಪ್ರತಿ ಹೆಣದ ಮುಂದೆ ಅವನೊಂದಿಗೆ ಓದುಗನೂ ನಿಲ್ಲುತ್ತಾನೆ.

ಪತ್ತೇದಾರಿ ಪ್ರಕಾರವೇ ಕೀಳೆಂಬುದು ಇದರ ಅರ್ಥವಲ್ಲ. ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಕೊಲೆಗಾರನನ್ನು ಆರಂಭದಲ್ಲೇ ತೋರಿಸಿಯೂ ಕುತೂಹಲವನ್ನು ಕೊನೆಯವರೆಗೆ ಕಾಯ್ದುಕೊಳ್ಳುತ್ತದೆ. ಗುಟ್ಟು ತಿಳಿದ ಮೇಲೂ ಮತ್ತೊಮ್ಮೆ ಓದಬೇಕೆನಿಸುತ್ತದೆಯೇ ಎಂಬುದೇ ಇಂಥ ಕೃತಿಗೆ ಒಡ್ಡಬೇಕಾದ ಪರೀಕ್ಷೆ.

ಮನೆಯಲ್ಲಿ ಸಾವನ್ನು ಕಂಡ ಓದುಗನೂ ಇಂಥ ಪುಸ್ತಕವನ್ನು ಬಿಡಿಸುತ್ತಾನೆ. ಯಾರು ಕೊಂದರೆಂಬ ಪ್ರಶ್ನೆಗೆ ಅವನಿಗೆ ಕೊನೆಯ ಪುಟದಲ್ಲಿ ಉತ್ತರ ಸಿಗುತ್ತದೆ. ಇನ್ನು ಬದುಕುವುದು ಹೇಗೆಂಬ ಅವನ ಪ್ರಶ್ನೆ ಮಾತ್ರ ಪುಸ್ತಕ ಮುಚ್ಚಿದ ಮೇಲೂ ಹಾಗೆಯೇ ಇರುತ್ತದೆ.