ಹತ್ತು ಗಂಟೆಯ ಫೈಲು

ವಾಡಿ ಕಡೆಗೆ ಹೊಸ ಹಳಿ ಕವಲೊಡೆಯುವ ತಳಕಲ್ ಸ್ಟೇಷನ್ನು. ಹುಬ್ಬಳ್ಳಿ ರೈಲು ಬರೋದ್ರೊಳಗೆ ಮುಗಿಸೋಣ ಅಂತ ಲ್ಯಾಪ್‌ಟಾಪ್ ತೆಗೆದವನು, ಆಫೀಸಿನ ಸರ್ವರ್‌ನಲ್ಲಿ ಈ ತಿಂಗಳ ಸಂಬಳದ ಶೀಟಿನ ಮೇಲೆ ಹೋದ ತಿಂಗಳದ್ದನ್ನು ಸೇವ್ ಮಾಡಿಬಿಟ್ಟೆ. ಸಹೋದ್ಯೋಗಿಯ ಮೂರು ದಿನದ ಕೆಲಸ!

'ಯಾಕಪಾ, ಮಾರಿ ಸಣ್ಣ ಮಾಡೀದಿ?' ಅಂದಳು ಅವ್ವ.

ಪುಣ್ಯಕ್ಕೆ ನಮ್ಮ ಸರ್ವರ್ ತಾಸಿಗೊಮ್ಮೆ ಸ್ನ್ಯಾಪ್‌ಶಾಟ್ ಹಿಡಿದಿಡುತ್ತದೆ. ಅದು ಇಡೀ ಡಿಸ್ಕಿನ ನಕಲಲ್ಲ. ಫೈಲ್ ಬದಲಾದಾಗ ಹಳೆಯ ತುಣುಕುಗಳನ್ನು ಅಳಿಯಗೊಡುವುದಿಲ್ಲ, ಅಷ್ಟೆ. (ಡಿಸ್ಕೇ ಕೆಟ್ಟರೆ ಅದೂ ಹೋಯ್ತು ಅನ್ನಿ.) ಗಾಬರಿಯಲ್ಲಿ ಪೂರ್ತಿ ರಿಸ್ಟೋರ್ ಒತ್ತುವವನಿದ್ದೆ. ಒತ್ತಿದ್ದರೆ ಉಳಿದವರೆಲ್ಲ ಬೆಳಿಗ್ಗೆಯಿಂದ ಮಾಡಿದ್ದೂ ಅಳಿಸಿಹೋಗುತ್ತಿತ್ತು. ಹತ್ತು ಗಂಟೆಯ ಸ್ನ್ಯಾಪ್‌ಶಾಟ್ ತೆರೆದು, ಆ ಒಂದೇ ಫೈಲನ್ನು ಬೇರೆ ಹೆಸರಲ್ಲಿ ಕಾಪಿ ಮಾಡಿಕೊಂಡೆ.

ಹತ್ತರ ನಂತರ ಆಕೆ ತುಂಬಿದ್ದ ಎಂಟು ಸಾಲು ಮಾತ್ರ ಸಿಗಲಿಲ್ಲ. ಸುಮ್ಮನಿದ್ದುಬಿಡೋಣ ಅನ್ನಿಸಿತು. ಆದರೆ ಅವು ಎಂಟು ಜನರ ಸಂಬಳ. ರೈಲು ಬರುವ ಮುಂಚೆಯೇ ಫೋನ್ ಮಾಡಿದೆ.