ಗುಡಿಯ ಬೆಂಕಿ, ಹೊಸ ವರ್ಷದ ಒಲೆ

ಡಿಸೆಂಬರ್ 31ರ ರಾತ್ರಿ ಜಪಾನಿನ ಕ್ಯೋಟೊದಲ್ಲಿ ಯಸಾಕಾ ದೇಗುಲದ ಅಂಗಳ ಕಿಕ್ಕಿರಿದಿತ್ತು. ಅಲ್ಲಿ ತೂಗುಹಾಕಿದ ದೀಪಗಳಲ್ಲಿ ಎಣ್ಣೆಬತ್ತಿಯಿಲ್ಲ. ಉರಿಯುವುದು ಒಕೆರಾ ಎಂಬ ಮದ್ದಿನ ಗಿಡದ ಬೇರು. ಅದರ ಘಾಟು ಹೊಗೆ ಕೆಡುಕನ್ನು ಓಡಿಸುತ್ತದೆಂಬುದು ನಂಬಿಕೆ. ಜನ ಬಿದಿರು ನಾರಿನ ಹಗ್ಗದ ತುದಿಗೆ ಆ ಬೆಂಕಿ ತಾಗಿಸಿಕೊಂಡು, ಆರದಂತೆ ಗಿರಗಿರನೆ ತಿರುಗಿಸುತ್ತ ಮನೆಗೆ ಹೊರಡುತ್ತಾರೆ. ಕತ್ತಲ ತುಂಬ ಕೆಂಪು ಬಳೆಗಳು!

ಈ ಬೆಂಕಿಯಿಂದ ಒಲೆ ಹೊತ್ತಿಸಿ ವರ್ಷದ ಮೊದಲ ಅಡುಗೆ ಮಾಡಿದರೆ ವರ್ಷವಿಡೀ ರೋಗ ಸುಳಿಯದಂತೆ. ಹಗ್ಗ ಆರಿದರೂ ಎಸೆಯುವುದಿಲ್ಲ. ಮನೆಗೆ ಬೆಂಕಿಯ ಅಪಾಯ ತಟ್ಟದಿರಲೆಂದು ಅಡುಗೆಮನೆಯಲ್ಲೇ ಇಡುತ್ತಾರೆ.

ಪಕ್ಕದ ಚಿಯೋನ್-ಇನ್ ಮಠದ ಗಂಟೆ ಮೊಳಗತೊಡಗಿತು. 1636ರಲ್ಲಿ ಎರಕಹೊಯ್ದ, ಸುಮಾರು 70 ಟನ್ ತೂಕದ ಆ ಗಂಟೆಯನ್ನು 17 ಮಂದಿ ಭಿಕ್ಷುಗಳು ಹಗ್ಗ ಜಗ್ಗಿ ಬಾರಿಸುತ್ತಾರೆ. ಮನುಷ್ಯನ ಕ್ಲೇಶಗಳೆಷ್ಟೋ ಅಷ್ಟು, 108 ಸಲ. ಅಷ್ಟರಲ್ಲಿ ಊರಿನವರೆಲ್ಲ ಸೋಬಾ ಉಂಡು ಮುಗಿಸಿರುತ್ತಾರೆ. ಬಕ್‌ವೀಟ್ ಹಿಟ್ಟಿನ ಈ ಎಳೆಗಳು ಉದ್ದ, ಆಯುಷ್ಯವೂ ಹಾಗಿರಲಿ. ಅವು ಸುಲಭವಾಗಿ ಕಡಿಯುತ್ತವೆ, ಹಳೆಯ ವರ್ಷದ ತಾಪತ್ರಯವೂ ಹಾಗೆ ಕಡಿದುಹೋಗಲಿ.

ಬೆಳಿಗ್ಗೆ ನಾನಿಳಿದಿದ್ದ ಮನೆಯಲ್ಲಿ ಒಜೋನಿಯ ಬಟ್ಟಲು ಕೈಗೆ ಬಂತು. ಬಿಳಿ ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ದಪ್ಪನೆಯ, ನಸುಸಿಹಿ ಸಾರು. ಅದರೊಳಗೆ ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಮಾಡಿದ ಮೊಚಿ, ಕೆಸುವಿನ ಗೆಡ್ಡೆ, ಮೂಲಂಗಿ, ಕಡುಕೆಂಪು ಗಜ್ಜರಿ. ಟೋಕಿಯೊ ಕಡೆ ಮೊಚಿ ಚೌಕ, ಸಾರು ತಿಳಿ. ಕ್ಯೋಟೊದಲ್ಲಿ ಮೊಚಿ ದುಂಡಗೆ, ಮೂಲಂಗಿಯ ಹೋಳೂ ದುಂಡಗೆ. ಮನೆಮಂದಿಯಲ್ಲಿ ಮೂಲೆ ಮೊನಚುಗಳಿಲ್ಲದ ಹೊಂದಾಣಿಕೆ ಇರಲೆಂಬ ಹಾರೈಕೆ ಅದು.

ಆಮೇಲೆ ಅರಗಿನ ಬಣ್ಣದ ಅಡಕು ಪೆಟ್ಟಿಗೆಗಳು ತೆರೆದುಕೊಂಡವು. ಇದೇ ಒಸೆಚಿ, ಹೊಸ ವರ್ಷದ ಊಟ. ತುತ್ತು ತುತ್ತಿಗೂ ಒಂದೊಂದು ಪ್ರಾರ್ಥನೆ! ಮಿರಮಿರನೆ ಹೊಳೆಯುವ ಕಪ್ಪು ಸೋಯಾ ಕಾಳು ಆರೋಗ್ಯ, ದುಡಿಮೆಗೆ. ಹೆರಿಂಗ್ ಮೀನಿನ ಮೊಟ್ಟೆ ಸಂತಾನಕ್ಕೆ. ಬೆನ್ನು ಬಾಗಿದ ಸೀಗಡಿ ಮುಪ್ಪಿನವರೆಗೂ ಬಾಳಲೆಂದು. ತೂತುಗಳಿರುವ ತಾವರೆ ದಂಟು ಮುಂದಿನ ದಾರಿ ಕಾಣಲೆಂದು. ಸಕ್ಕರೆ–ಸೋಯಾದಲ್ಲಿ ಹೊರಳಿಸಿದ ಪುಟ್ಟ ಒಣಮೀನು ಸುಗ್ಗಿಗೆ. ಹಿಂದೆ ಗದ್ದೆಗೆ ಆ ಮೀನೇ ಗೊಬ್ಬರ. ಊಟದ ಕಡ್ಡಿಗಳ ಎರಡೂ ತುದಿ ಚೂಪು: ಒಂದು ನಮಗೆ, ಇನ್ನೊಂದು ಅಂದು ಮನೆಗೆ ಬರುವ ವರ್ಷದೇವತೆಗೆ. ದೇವರು ಪಂಕ್ತಿಯಲ್ಲೇ ಇದ್ದಾನೆ!

ಸಿಹಿ, ಹುಳಿ, ಉಪ್ಪು ಹಿಡಿದ ಇವೆಲ್ಲ ಮೊದಲೇ ಮಾಡಿಟ್ಟವು; ಕೆಡುವುದಿಲ್ಲ. ಒಜೋನಿಯೊಂದನ್ನು ಬಿಟ್ಟರೆ ಮೊದಲ ಮೂರು ದಿನ ಒಲೆ ಹೊತ್ತಿಸಬಾರದೆಂಬುದು ಹಳೆಯ ಪದ್ಧತಿ. ಗುಡಿಯಿಂದ ಅಷ್ಟು ಜತನದಿಂದ ತಂದ ಬೆಂಕಿಗೂ ಬಿಡುವು, ಅದರ ಮುಂದೆ ನಿಲ್ಲುವವಳಿಗೂ ಬಿಡುವು. ಹೋಳಿಗೆ ತಟ್ಟಿದ ಕೈ ಕೊನೆಯ ಪಂಕ್ತಿಗೆ ಕೂರುವುದನ್ನೇ ನೋಡಿ ಬೆಳೆದವಳು ನಾನು. ಅಡುಗೆ ಮಾಡಿದಾಕೆ ಎಲ್ಲರೊಡನೆ ಕುಳಿತು ನಿಧಾನವಾಗಿ ಉಂಡದ್ದೇ ಆ ವರ್ಷದ ಅತಿ ದೊಡ್ಡ ಶುಭವೆನ್ನಿಸಿತು.